ತಲಪಾಡಿ ಪದ್ಧತಿ

ವೂರ್‌ಬರ್ಗ್
6 ಸೆಪ್ಟೆಂಬರ್ 2025, ಶನಿವಾರ

ದೂಮಪ್ಪ ಮಾವನಿಗೆ ಪೂಜಿತಾಳ ನಮಸ್ಕಾರ.

ಇಷ್ಟುದ್ದದ ಇಮೇಲ್ ನೋಡಿ ಗಾಬರಿಯಾಗಬೇಡಿ. ಎಲ್ಲರೂ ಚೆನ್ನಾಗಿದ್ದೇವೆ. ಕಳೆದ ವಾರ ನಾನು ಫೋನಿನಲ್ಲಿ ಕಿರುಚಿದ್ದು ಪಕ್ಕದ ಮನೆಯ ಡಚ್ ಅಜ್ಜಿಗೆ ಕೇಳಿ, ಅವರು ಬಾಗಿಲು ತಟ್ಟಿ "ಎಲ್ಲ ಸರಿ ಇದೆಯಾ ಮಗಳೇ?" ಎಂದು ವಿಚಾರಿಸಿ ಹೋದರು. ನಿಮಗೆ ಮಾತ್ರ ಕೇಳಲಿಲ್ಲ. ನಿಮ್ಮ ಕಿವಿಯ ಯಂತ್ರ ಶಿಳ್ಳೆ ಹೊಡೆಯುವುದು ನಿಲ್ಲುವವರೆಗೆ ಬರವಣಿಗೆಯೇ ವಾಸಿ.

ನನಗೆ ಬೇಕಾದದ್ದು ಒಂದು ಸಲಹೆ. ನಮ್ಮ ಗಾನವಿಗೆ ಏಳು ತಿಂಗಳು. ಇಲ್ಲಿ ಕನ್ಸಲ್ಟಾಟಿಬ್ಯೂರೋ ಎಂದು ಮಕ್ಕಳ ತಪಾಸಣೆಯ ಜಾಗ ಇದೆ. ಅಲ್ಲಿ ತೂಗಿದರೆ ಏಳು ಕಿಲೋ ನೂರೈವತ್ತು ಗ್ರಾಂ. ಅದೇ ದಿನ ಮನೆಗೆ ಬಂದು ನಮ್ಮ ತಕ್ಕಡಿಯಲ್ಲಿ ತೂಗಿದರೆ ಆರು ಕಿಲೋ ಒಂಬೈನೂರು. ಟ್ರಾಮ್‌ನಲ್ಲಿ ಮೂರು ಸ್ಟಾಪ್ ದಾಟುವಷ್ಟರಲ್ಲಿ ಮಗು ಕಾಲು ಕಿಲೋ ಇಳಿಯುತ್ತದೆಯೇ? ಅವಳ ಅಪ್ಪ ಶ್ರೀಜಿತ್‌ಗೆ ಹೇಳಿದರೆ "ಎರಡರ ಸರಾಸರಿ ತಗೋ" ಎನ್ನುತ್ತಾರೆ. ಅವರು ನೂರ್ಡ್‌ವೈಕ್‌ನಲ್ಲಿ ಉಪಗ್ರಹದ ಒಂದೊಂದು ಗ್ರಾಂಗೂ ಮೂರು ಮೀಟಿಂಗ್ ಮಾಡುವವರು. ಮಗಳಿಗೆ ಸರಾಸರಿ! ನೀವು ಮೂವತ್ತು ವರ್ಷ ತೂಕ-ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ನಿಮ್ಮನ್ನು ಬಿಟ್ಟು ಯಾರನ್ನು ಕೇಳಲಿ?

ಇನ್ನೊಂದು ವಿಷಯ, ಅಮ್ಮನಿಗೆ ಹೇಳಬೇಡಿ. ನನ್ನ ಕೆಲಸ ಅಕ್ಟೋಬರ್ 31ರವರೆಗೆ ಮಾತ್ರ. ಆಮೇಲೆ ಖಾಯಂ ಆಗಬಹುದು, ಇಲ್ಲವೇ ಮನೆಗೆ ಕಳಿಸಬಹುದು. ನಾನು ಮಾಡುವುದೇನೆಂದು ನೀವು ಕೇಳುತ್ತಲೇ ಇರುತ್ತೀರಲ್ಲ, ಇದು. ಎಲ್ಲೋ ದೂರದ, ಒಂದಕ್ಕೊಂದು ಅಂಟಿಕೊಂಡ ಮೂರು ದೇಶಗಳು. ಹೆಸರು ಹೇಳುವಂತಿಲ್ಲ, ಸಹಿ ಹಾಕಿಕೊಟ್ಟಿದ್ದೇನೆ. ಆದ್ದರಿಂದ ಮೇಲ್ಮನೆ, ನಡುಮನೆ, ಕೆಳಮನೆ ಎಂದಿಟ್ಟುಕೊಳ್ಳಿ. ಮೂರರ ಅಡಿಯಲ್ಲೂ ಹರಡಿಕೊಂಡ ಒಂದೇ ಎಣ್ಣೆನಿಕ್ಷೇಪ ಸಿಕ್ಕಿದೆ. ಮೂರಕ್ಕೂ ಬೇರೆಬೇರೆ ಪೆಟ್ರೋಲಿಯಂ ಕಾನೂನು. ಹೇಗ್ ನಗರದಲ್ಲಿ ಕೂತು ಮೂರನ್ನೂ ಹೊಂದಿಸಿ ಒಂದೇ ಮಾದರಿ ಕಾನೂನು ಬರೆಯುವುದು ನಮ್ಮ ಪುಟ್ಟ ಸಂಸ್ಥೆಯ ಕೆಲಸ, ಅದರಲ್ಲಿ ಅಳತೆಯ ಅಧ್ಯಾಯ ನನ್ನದು. ಬಿಸಿಗೆ ಎಣ್ಣೆ ಹಿಗ್ಗುತ್ತದಲ್ಲ, ಹಾಗಾಗಿ ಎಷ್ಟು ಡಿಗ್ರಿಯಲ್ಲಿ ಅಳೆದದ್ದು ಲೆಕ್ಕ ಎಂದು ಒಪ್ಪಲು ನಾಲ್ಕು ತಿಂಗಳು ಹಿಡಿಯಿತು. ಹದಿನೈದಕ್ಕೆ ನಿಂತಿತು. ಈಗ ಉಳಿದದ್ದು ಒಂದೇ ಪ್ರಶ್ನೆ: ಅಳೆಯುವವರು ಯಾರು? ಮೇಲ್ಮನೆಯವರ ಮೀಟರನ್ನು ಕೆಳಮನೆಯವರು ನಂಬುವುದಿಲ್ಲ, ಕೆಳಮನೆಯವರದ್ದನ್ನು ನಡುಮನೆಯವರು ನಂಬುವುದಿಲ್ಲ, ಹೊರಗಿನವರು ಬೇಡ ಎಂಬುದರಲ್ಲಿ ಮಾತ್ರ ಮೂವರೂ ಒಂದು.

ನನ್ನ ಬಾಸ್ ಮಾರ್ಲೀಸ್ ಇಲ್ಲಿಯವರ ರೀತಿಯಲ್ಲೇ ನೇರವಾಗಿ ಹೇಳಿದರು: "31ರ ಸಭೆಯಲ್ಲಿ ಅಳತೆಯ ಅಧ್ಯಾಯಕ್ಕೆ ಮೂವರ ಸಹಿ ಬಿದ್ದರೆ ನಿನಗೆ ಖಾಯಂ ಕಾಂಟ್ರಾಕ್ಟ್. ಬೀಳದಿದ್ದರೆ ಈ ಯೋಜನೆಯೇ ಇರುವುದಿಲ್ಲ, ನೀನು ಹೇಗೆ ಇರುತ್ತೀ?" ಹೇಳಿ ಕಾಫಿ ಕೊಟ್ಟರು. ಜೊತೆಗೆ ಒಂದೇ ಒಂದು ಬಿಸ್ಕತ್ತು.

ಮಗು ಎದ್ದಳು. ತಕ್ಕಡಿಯ ವಿಷಯ ಬೇಗ ಬರೆಯಿರಿ.

ಪೂಜಿತಾ


ಮಂಗಳೂರು
9-9-2025

ಪೂಜಿ,

ನೀನು ಎಂತ ಮಾರಾಯ್ತಿ, ಮಗುವನ್ನು ತೂಗ್ತಾ ಕೂತಿದ್ದೀಯಾ? ಮೊದಲು ತಕ್ಕಡಿಯನ್ನು ತೂಗು. ನಮ್ಮ ಇಲಾಖೆಯ ಮೊದಲ ಪಾಠ ಇದು: ಮಾಲು ಯಾವತ್ತೂ ಸುಳ್ಳು ಹೇಳುವುದಿಲ್ಲ, ಸುಳ್ಳು ಹೇಳುವುದು ತಕ್ಕಡಿ. ತಕ್ಕಡಿಯೂ ಹೇಳದಿದ್ದರೆ ಅದನ್ನು ಹಿಡಿದವ ಹೇಳ್ತಾನೆ.

ಅಂಗಡಿಯಿಂದ ಒಂದು ಕಿಲೋದ ಸಕ್ಕರೆ ಪೊಟ್ಟಣ ಏಳು ತಾ. ಪೊಟ್ಟಣದ ಮೇಲೆ ಬರೆದದ್ದನ್ನೂ ನಂಬಬೇಡ. ನಂಬುವ ಅಗತ್ಯವೇ ಇಲ್ಲ. ಅದೇ ಏಳು ಪೊಟ್ಟಣವನ್ನು ಮನೆಯಲ್ಲಿ ಇಟ್ಟು ನೋಡು, ಆಮೇಲೆ ಅವರ ಆಫೀಸಿಗೆ ತಗೊಂಡು ಹೋಗಿ ಅಲ್ಲಿಯೂ ಇಟ್ಟು ನೋಡು. ಸಕ್ಕರೆ ಮಗುವಿನ ಹಾಗೆ ಕಾಲು ಆಡಿಸುವುದಿಲ್ಲ. ಎಲ್ಲಿ ವ್ಯತ್ಯಾಸ ಅಂತ ಎರಡು ನಿಮಿಷದಲ್ಲಿ ಗೊತ್ತಾಗ್ತದೆ.

ನಿನ್ನ ಮೂರು ಮನೆಯವರ ಜಗಳ ಓದಿ ನನಗೆ ನಗು ಬಂತು. ಇದೇ ಜಗಳ ನಾನು ತಲಪಾಡಿಯಲ್ಲಿ ಬಿಡಿಸಿದ್ದೇನೆ, ಗೊತ್ತುಂಟಾ? 2005ರ ಮಾತು. ಕರ್ನಾಟಕ ಮುಗಿಯುವಲ್ಲಿ ಒಂದು ಪೆಟ್ರೋಲ್ ಬಂಕ್, ಕೇರಳ ಶುರು ಆಗುವಲ್ಲಿ ಒಂದು. ಎರಡು ರಾಜ್ಯಕ್ಕೆ ಎರಡು ತೆರಿಗೆ, ಎರಡು ರೇಟು. ರೇಟು ಕಡಿಮೆ ಇರುವ ಕಡೆ ಜನ ಓಡಿ ಬಂದು ಹಾಕಿಸಿಕೊಳ್ಳುವುದು, ಆಮೇಲೆ "ರೇಟು ಕಡಿಮೆ ಅಂತ ಅಳತೆಯೂ ಕಡಿಮೆ ಕೊಡ್ತಾರೆ" ಅಂತ ದೂರು ಕೊಡುವುದು. ನಾನು ನಮ್ಮ ಪಂಪ್ ಸರಿ ಉಂಟು ಅಂದರೆ ಆಚೆಯವರು ನಂಬುವುದಿಲ್ಲ. ಆಚೆಯ ಇನ್‌ಸ್ಪೆಕ್ಟರ್ ನಂಬಿಯಾರ್ ಹೇಳಿದರೆ ನಮ್ಮವರು ನಂಬುವುದಿಲ್ಲ.

ಒಂದು ದಿನ ಗಡಿಯ ಚಾ ಅಂಗಡಿಯಲ್ಲಿ ನಾನು ಹೇಳಿದೆ, "ನಂಬಿಯಾರರೇ, ನಿಮ್ಮ ಪಾತ್ರೆ ನನ್ನ ಪಂಪಿಗೆ, ನನ್ನ ಪಾತ್ರೆ ನಿಮ್ಮ ಪಂಪಿಗೆ." ಪಾತ್ರೆ ಅಂದರೆ ಐದು ಲೀಟರಿನ ಸರ್ಕಾರಿ ಅಳತೆ ಪಾತ್ರೆ. ಪ್ರತಿ ತಿಂಗಳ ಮೊದಲ ಶನಿವಾರ ನಾನು ಆಚೆ ಹೋಗಿ ಅಳೆಯುವುದು, ಅವರು ಈಚೆ ಬಂದು ಅಳೆಯುವುದು. ಒಂದೇ ಪುಸ್ತಕದಲ್ಲಿ ಇಬ್ಬರ ರುಜು. ಜನ ಸುತ್ತ ನಿಂತು ನೋಡುವುದು. ದೂರು ನಿಂತೇಹೋಯಿತು! ನೆರೆಮನೆಯವ ಬಂದು ನಿನ್ನ ಮನೆಯಲ್ಲಿ ಅಳೆದರೆ ಒಂದು ಹನಿ ಬಿಡುವುದಿಲ್ಲ, ಅದೇ ಅದರ ಗುಟ್ಟು.

ನಿನ್ನ ಅತ್ತೆ ಕೇಳ್ತಾಳೆ, ಮಗುವಿಗೆ ರಾಗಿ ಮಣ್ಣಿ ಕೊಡ್ತೀಯಾ ಅಂತ.

ದೂಮಪ್ಪ ಮಾವ


ವೂರ್‌ಬರ್ಗ್
21 ಸೆಪ್ಟೆಂಬರ್ 2025, ಭಾನುವಾರ

ಪ್ರೀತಿಯ ಮಾವನಿಗೆ,

ನೀವು ಹೇಳಿದಂತೆ ಮಾಡಿದೆ. ಈಗ ವೂರ್‌ಬರ್ಗ್‌ನ ಮಕ್ಕಳ ತಪಾಸಣೆಯವರಿಗೆಲ್ಲ ನನ್ನ ಹೆಸರು ಗೊತ್ತು.

ಸೋಮವಾರ ಗಾನವಿಯನ್ನು ಗಾಡಿಯಲ್ಲಿ ಕೂರಿಸಿ, ಗಾಡಿಯ ಕೆಳಗೆ ಏಳು ಕಿಲೋ ಸಕ್ಕರೆ ಇಟ್ಟುಕೊಂಡು ಹೋದೆ. ನರ್ಸ್ ಅನ್ನೆಕೆ "ಬಟ್ಟೆ ಬಿಚ್ಚಿ ಮಲಗಿಸಿ" ಎಂದರು. ನಾನು ತಕ್ಕಡಿಯ ಮೇಲೆ ಟವೆಲ್ ಹಾಸಿ, ಒಂದರ ಪಕ್ಕ ಒಂದರಂತೆ ಏಳು ಪೊಟ್ಟಣ ಜೋಡಿಸಿದೆ. ಅವರು ಐದನೆಯ ಪೊಟ್ಟಣದವರೆಗೆ ಎಣಿಸಿದರು. ಆಮೇಲೆ ಬಹಳ ಮೆಲ್ಲಗೆ, "ಮೇಡಂ, ಮಗು ಗಾಡಿಯಲ್ಲೇ ಇದೆ, ಅಲ್ಲವೇ?" ಎಂದರು.

"ಗೊತ್ತು. ಮೊದಲು ತಕ್ಕಡಿ ನೋಡಬೇಕು."

"ಯಾರು ಹೇಳಿದರು?"

"ನನ್ನ ಮಾವ. ಇನ್‌ಸ್ಪೆಕ್ಟರ್."

ಅವರು ಮುಖ ಗಂಭೀರ ಮಾಡಿಕೊಂಡು ಪೆನ್ನು ಹಿಡಿದು, "ಸರಿ. ಏಳು ಕಿಲೋ ಇಪ್ಪತ್ತು ಗ್ರಾಂ. ಇದರ ಲಸಿಕೆಯ ಪುಸ್ತಕ ತಂದಿದ್ದೀರಾ?" ಎಂದರು. ಮಾವ, ನಗಬೇಡಿ, ನಾನು ಒಂದು ಕ್ಷಣ ಬ್ಯಾಗಿನಲ್ಲಿ ಹುಡುಕಿದೆ. ನಿದ್ದೆಯಿಲ್ಲದ ತಲೆ.

ಕೊನೆಗೆ ತಪ್ಪು ನಮ್ಮ ತಕ್ಕಡಿಯದೇ. ನಾನು ಅದನ್ನು ದಪ್ಪ ಕಾರ್ಪೆಟ್ ಮೇಲೆ ಇಟ್ಟಿದ್ದೆ. ನೆಲದ ಮೇಲೆ ಇಟ್ಟರೆ ಎರಡೂ ಒಂದೇ ತೋರಿಸುತ್ತವೆ. ಎರಡು ವಾರ ನಾನು ಮಗುವಿನ ತೂಕ ಇಳಿಯಿತೆಂದು ಅತ್ತದ್ದು ಒಂದು ಕಾರ್ಪೆಟ್ಟಿಗಾಗಿ. ನೀವು ಹೇಳದಿದ್ದರೆ ಇನ್ನೂ ಅಳುತ್ತಿದ್ದೆ.

ಅಂದ ಹಾಗೆ ಆ ತಲಪಾಡಿಯ ಕಥೆ ಬಹಳ ಚೆನ್ನಾಗಿದೆ. ಎಷ್ಟು ಕಾಲ ನಡೆಯಿತು? ಇಲಾಖೆಯವರು ಒಪ್ಪಿದ್ದರೇ? ಸುಮ್ಮನೆ ಕುತೂಹಲಕ್ಕೆ ಕೇಳುತ್ತಿದ್ದೇನೆ.

ಅತ್ತೆಗೆ ಹೇಳಿ, ರಾಗಿ ಮಣ್ಣಿ ಕೊಟ್ಟೆ. ಗಾನವಿ ಅದನ್ನು ಗೋಡೆಗೆ ಕೊಟ್ಟಳು.

ಪೂಜಿತಾ


ಮಂಗಳೂರು
23-9-2025

ಪೂಜಿ,

ನಿನ್ನ ಕಾಗದ ನಿನ್ನ ಅತ್ತೆ ರಾಜಮ್ಮನಿಗೆ ಓದಿ ಹೇಳಿದೆ. ಲಸಿಕೆ ಪುಸ್ತಕ ಅನ್ನುವಲ್ಲಿಗೆ ಬರುವಾಗ ಅವಳು ನಗಾಡಿ ನಗಾಡಿ ಮೀನು ಸುಟ್ಟು ಕರಿಯಾಯಿತು.

ತಲಪಾಡಿ ವ್ಯವಸ್ಥೆ ಹನ್ನೊಂದು ತಿಂಗಳು ನಡೆಯಿತು. ಭಾರಿ ಹೆಸರಾಗಿತ್ತು. ಬೇರೆ ಬೇರೆ ಚೆಕ್‌ಪೋಸ್ಟಿನವರು ಬಂದು ನೋಡಿಕೊಂಡು ಹೋಗ್ತಿದ್ದರು. ಎಲ್ಲ ಕಡೆ ಇದನ್ನು ತಲಪಾಡಿ ಪದ್ಧತಿ ಅಂತಲೇ ಹೇಳ್ತಿದ್ದದ್ದು. ಇಲಾಖೆಗೆ ಗೊತ್ತಿತ್ತು, ಗೊತ್ತಿಲ್ಲದೆ ಇರ್ತದಾ? ಮತ್ತೆ ನನಗೆ ಬೀದರಿಗೆ ವಿಶೇಷ ಕರ್ತವ್ಯದ ಮೇಲೆ ಬಡ್ತಿ ಆಯಿತಲ್ಲ, ಹಾಗಾಗಿ ಮುಂದುವರಿಸಲಿಕ್ಕೆ ಜನ ಇರಲಿಲ್ಲ. ನಿನಗೆ ನೆನಪಿರಬೇಕು, ನಿಮ್ಮ ಮನೆಯಲ್ಲಿಯೇ ಹೋಳಿಗೆ ಊಟ ಹಾಕಿದ್ದು. ನೀನು ಆರನೇ ಕ್ಲಾಸು.

ಮಗುವನ್ನು ದಿನಾ ತೂಗಬೇಡ. ವಾರಕ್ಕೊಮ್ಮೆ ಸಾಕು. ಅಕ್ಕಿಯ ಗೋಣಿಯನ್ನೂ ನಾವು ದಿನಾ ತೂಗುವುದಿಲ್ಲ.

ದೂಮಪ್ಪ ಮಾವ


ವೂರ್‌ಬರ್ಗ್
19 ಅಕ್ಟೋಬರ್ 2025, ಭಾನುವಾರ

ಪ್ರೀತಿಯ ಮಾವನಿಗೆ,

ತಿಂಗಳಾಯಿತು, ಬರೆಯಲಿಲ್ಲ. ಬರೆಯಲು ಧೈರ್ಯ ಬರಲಿಲ್ಲ ಎನ್ನುವುದು ಸರಿ. ಮೊದಲು ಬೈಯಿರಿ, ಆಮೇಲೆ ಓದಿ.

ನಾನು ಕುತೂಹಲಕ್ಕೆ ಕೇಳಿದ್ದಲ್ಲ. ನಿಮ್ಮ ಕಾಗದ ಬಂದ ಮರುದಿನವೇ ನಿಮ್ಮ ಪಾತ್ರೆ-ಪಂಪನ್ನು ಅಳತೆಯ ಅಧ್ಯಾಯಕ್ಕೆ ಸೇರಿಸಿದೆ. ಮೇಲ್ಮನೆಯ ಬಾವಿಗಳ ಮೀಟರನ್ನು ಕೆಳಮನೆಯ ಅಧಿಕಾರಿ ತನ್ನ ಉಪಕರಣದಿಂದ ಪರೀಕ್ಷಿಸುವುದು, ಕೆಳಮನೆಯದ್ದನ್ನು ನಡುಮನೆಯವರು, ನಡುಮನೆಯದ್ದನ್ನು ಮೇಲ್ಮನೆಯವರು. ಒಂದೇ ಪುಸ್ತಕ, ಎಲ್ಲರ ರುಜು. ಅಡಿಟಿಪ್ಪಣಿಯಲ್ಲಿ ಹೀಗೆ ಬರೆದೆ: "ಭಾರತದ ಎರಡು ರಾಜ್ಯಗಳ ನಡುವೆ ರೂಢಿಯಲ್ಲಿರುವ ತಲಪಾಡಿ ಪದ್ಧತಿಯನ್ನು ನೋಡಿ."

ಎಲ್ಲಿ ನೋಡಬೇಕು ಎಂದು ಬರೆಯಲಿಲ್ಲ. ಯಾರೂ ಅಡಿಟಿಪ್ಪಣಿ ಓದುವುದಿಲ್ಲ ಎಂದುಕೊಂಡಿದ್ದೆ.

ಮಾವ, ಮೂವರೂ ಓದಿದ್ದಾರೆ. ಮೂವರಿಗೂ ಇಷ್ಟವಾಗಿದೆ! ಎರಡು ವರ್ಷದಲ್ಲಿ ಮೊದಲ ಬಾರಿಗೆ ಮೂರು ದೇಶಗಳು ಒಂದೇ ವಾರದಲ್ಲಿ "ತಾತ್ವಿಕವಾಗಿ ಒಪ್ಪಿಗೆ" ಎಂದು ಬರೆದಿವೆ. ಮಾರ್ಲೀಸ್ ಅಂದು ನನಗೆ ಎರಡು ಬಿಸ್ಕತ್ತು ಕೊಟ್ಟರು. ಆದರೆ ಮೇಲ್ಮನೆಯ ವಕೀಲೆ ಇದ್ದಾರೆ, ಕನ್ನಡಕದ ಮೇಲಿಂದ ನೋಡುವವರು. ಅವರು ಒಂದೇ ಸಾಲು ಬರೆದಿದ್ದಾರೆ: "ಸಹಿಗೆ ಮುಂಚೆ ತಲಪಾಡಿ ಪದ್ಧತಿಯ ಸರ್ಕಾರಿ ಸುತ್ತೋಲೆಯ ಪ್ರತಿ ಬೇಕು." ದಾಖಲೆಯಿಲ್ಲದೆ ತಮ್ಮ ಸಚಿವರಿಗೆ ತೋರಿಸಲು ಆಗುವುದಿಲ್ಲವಂತೆ. ಅವರು ಕೇಳಿದ ಮೇಲೆ ಉಳಿದಿಬ್ಬರೂ ನಮಗೂ ಬೇಕು ಎಂದರು.

ನೀವು ಹನ್ನೊಂದು ತಿಂಗಳು ನಡೆಸಿದ್ದೀರಿ, ಇಲಾಖೆಗೆ ಗೊತ್ತಿತ್ತು ಎಂದಿದ್ದೀರಿ. ಸುತ್ತೋಲೆ ಇದ್ದೇ ಇರುತ್ತದೆ. ಸಂಖ್ಯೆ ಮತ್ತು ದಿನಾಂಕ ಸಿಕ್ಕಿದರೂ ಸಾಕು. ಸಭೆ ಇದೇ 31ಕ್ಕೆ.

ನಾಳೆ ದೀಪಾವಳಿ. ಬೈಟನ್‌ವೆಲ್ಡರ್ಟ್‌ನ ಗೆಳತಿ ಶ್ರೇಯಾ ಊಟಕ್ಕೆ ಕರೆದಿದ್ದಾಳೆ. ನಾನು ಹೋಗಿ ಅವಳ ಸೋಫಾದ ಮೇಲೆ ಮಲಗಿ ಬರುತ್ತೇನೆ ಎಂದು ಮೊದಲೇ ಹೇಳಿಟ್ಟಿದ್ದೇನೆ.

ಪೂಜಿತಾ


ವೂರ್‌ಬರ್ಗ್
23 ಅಕ್ಟೋಬರ್ 2025

ಮಾವ, ಹಿಂದಿನ ಇಮೇಲ್ ತಲುಪಿತೇ? ಸುತ್ತೋಲೆಯ ಸಂಖ್ಯೆ ಮಾತ್ರ ಸಾಕು.

ಪೂಜಿತಾ


ವೂರ್‌ಬರ್ಗ್
27 ಅಕ್ಟೋಬರ್ 2025, ಸೋಮವಾರ

ಮಾವನಿಗೆ,

ಎಂಟು ದಿನವಾಯಿತು, ನಿಮ್ಮಿಂದ ಒಂದು ಅಕ್ಷರ ಇಲ್ಲ. ನಿಮಗೆ ಹುಷಾರಿಲ್ಲವೇನೋ ಎಂದು ಹೆದರಿ ಅತ್ತೆಗೆ ಫೋನ್ ಮಾಡಿದೆ. ಅತ್ತೆ ಹೇಳಿದ್ದು: "ಅವರಿಗೆ ಎಂತ ಆಗಿದೆ, ಗುಂಡುಕಲ್ಲಿನ ಹಾಗೆ ಇದ್ದಾರೆ. ಆದರೆ ನಾಲ್ಕು ದಿನದಿಂದ ಟ್ಯಾಬ್ಲೆಟ್ಟನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟಿದ್ದಾರೆ. ಕೇಳಿದರೆ ಅದಕ್ಕೆ ವಿಶ್ರಾಂತಿ ಬೇಕು ಅಂತಾರೆ."

ಮಾವ, ನನಗೆ ಸಿಟ್ಟಾಗಿದೆಯೇ ಎಂದು ನಿಮಗೆ ಭಯವೇ? ಅಥವಾ ಕೇಳದೆ ನಿಮ್ಮ ಕಥೆ ಬಳಸಿದ್ದಕ್ಕೆ ನಿಮಗೆ ಸಿಟ್ಟೇ? ಯಾವುದಾದರೂ ಸರಿ, ಬರೆಯಿರಿ. ಇಲ್ಲಿ ನಿನ್ನೆ ಚಳಿಗಾಲಕ್ಕೆಂದು ದೇಶದ ಗಡಿಯಾರವನ್ನೆಲ್ಲ ಒಂದು ಗಂಟೆ ಹಿಂದಕ್ಕೆ ತಿರುಗಿಸಿದರು. ಗಾನವಿಗೆ ಯಾರೂ ತಿಳಿಸಿಲ್ಲ. ಅವಳು ಹಳೆಯ ಕಾನೂನಿನ ಪ್ರಕಾರವೇ ಏಳುತ್ತಾಳೆ, ಹೊಸ ಕಾನೂನಿನ ಪ್ರಕಾರ ನಾನು ಇನ್ನೂ ಒಂದು ಗಂಟೆ ಎಚ್ಚರವಾಗಿರುತ್ತೇನೆ.

ಉಳಿದಿರುವುದು ನಾಲ್ಕು ದಿನ.

ಪೂಜಿತಾ


ಮಂಗಳೂರು
28-10-2025

ಪೂಜಿ,

ಸುತ್ತೋಲೆಯನ್ನು ಗೆದ್ದಲು ತಿಂದಿದೆ. ಪೂರ್ತಿ ತಿಂದಿದೆ, ಸಂಖ್ಯೆ ಸಮೇತ.

ಆದರೆ ನೀನು ಹೆದರಬೇಡ. ನನ್ನ ಹತ್ತಿರ ಇಲಾಖೆಯ ಹಳೆ ಕಾಗದ ನಾಲ್ಕೈದು ಹಾಳೆ ಉಂಟು, ಮೇಲೆ ಮುದ್ರೆ ಅಚ್ಚಾದದ್ದು. ಹಂಪನಕಟ್ಟೆಯಲ್ಲಿ ಒಬ್ಬ ಟೈಪಿಸ್ಟ್ ಈಗಲೂ ಕೂತಿದ್ದಾನೆ. ಹಳೆ ತಾರೀಕು ಹಾಕಿ ಹೊಡೆಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ವಿಷಯ ಏನು ಅಂತ ಬರೆದು ಕಳಿಸು, ಮಧ್ಯಾಹ್ನದ ಒಳಗೆ ಸುತ್ತೋಲೆ ತಯಾರು.

ದೂಮಪ್ಪ ಮಾವ


ವೂರ್‌ಬರ್ಗ್
28 ಅಕ್ಟೋಬರ್ 2025

ಮಾವ!

ದಯವಿಟ್ಟು ಟೈಪಿಸ್ಟ್‌ನ ಹತ್ತಿರ ಹೋಗಬೇಡಿ. ಹೋಗಿದ್ದರೆ ವಾಪಸ್ ಬನ್ನಿ. ಬಸ್ಸಿನಲ್ಲಿದ್ದರೆ ಇಳಿಯಿರಿ.

ಮೂವತ್ತು ವರ್ಷ ಕಳ್ಳ ತೂಕದ ಕಲ್ಲು ಹಿಡಿದವರು ನೀವು. ನನಗೋಸ್ಕರ ಕಳ್ಳ ಸುತ್ತೋಲೆ ಮಾಡಿಸುತ್ತೀರಾ? ನನ್ನ ಕೆಲಸ ಹೋದರೂ ಅದು ಬೇಡ.

ಕೂತು ಯೋಚಿಸಿದೆ. ತಪ್ಪು ನನ್ನದು. "ರೂಢಿಯಲ್ಲಿರುವ" ಎಂದು ಬರೆದದ್ದು ನಾನು. ಕಾನೂನು ಓದಿದವಳು, ನಾನು ನಿಮ್ಮ ಚಾ ಅಂಗಡಿಯ ಮಾತನ್ನು ಪರಿಶೀಲಿಸದೆ ಮೂರು ಸರ್ಕಾರಗಳಿಗೆ ಕಳಿಸಿದೆ. ನಾಡಿದ್ದು ಮಾರ್ಲೀಸ್‌ಗೆ ಹೇಳಿಬಿಡುತ್ತೇನೆ: ಸುತ್ತೋಲೆ ಇಲ್ಲ, ಬಹುಶಃ ಪದ್ಧತಿಯೂ ಇರಲಿಲ್ಲ, ಅದು ನನ್ನ ಮಾವ ಪ್ರೀತಿಯಿಂದ ಹೇಳಿದ ಕಥೆ ಎಂದು. ಆಮೇಲೆ ಮನೆಯಲ್ಲಿ ಇರುತ್ತೇನೆ. ಮಗುವಿಗೂ ಒಳ್ಳೆಯದೇ. ನನಗೆ ಒಳ್ಳೆಯದಲ್ಲ, ಆದರೆ ಇರಲಿ.

ನಿಮ್ಮ ಮೇಲೆ ಸಿಟ್ಟಿಲ್ಲ.

ಪೂಜಿತಾ


ಮಂಗಳೂರು
29-10-2025

ಮಗಳೇ ಪೂಜಿತಾ,

"ಬಹುಶಃ ಪದ್ಧತಿಯೂ ಇರಲಿಲ್ಲ" ಅಂತ ಬರೆದಿದ್ದೀ. ಅದನ್ನು ಓದಿ ನನಗೆ ಊಟ ಸೇರಲಿಲ್ಲ. ಪದ್ಧತಿ ಇತ್ತು. ಹನ್ನೊಂದು ಶನಿವಾರ ಇತ್ತು. ಇಲ್ಲದ್ದು ಸುತ್ತೋಲೆ.

ಇದ್ದದ್ದು ಇದು. ಹನ್ನೊಂದನೆಯ ಶನಿವಾರ ನಂಬಿಯಾರರು ನಮ್ಮ ಕಡೆಯ ಬಂಕನ್ನು ಅಳೆದಾಗ ಐದು ಲೀಟರಿಗೆ ನಲ್ವತ್ತು ಮಿಲಿ ಕಡಿಮೆ ಬಂತು. ಮೂರು ಸಲ ಅಳೆದರು, ಮೂರು ಸಲವೂ ಅಷ್ಟೇ. ಜನ ನಿಂತು ನೋಡ್ತಾ ಇದ್ದರು. ನಮ್ಮವನ ಪಂಪ್ ಅಂತ ಬಿಡಲಿಕ್ಕೆ ಆಗ್ತದಾ? ಸೀಲ್ ಹಾಕಿದೆ. ಮಾಲೀಕ ದೊಡ್ಡವರ ಪರಿಚಯದವ. ಹದಿನೈದು ದಿನದಲ್ಲಿ ನನಗೆ ಮೆಮೊ ಬಂತು. ಇಂಕ್ರಿಮೆಂಟ್ ನಿಂತಿತು, ಬೀದರಿಗೆ ವರ್ಗ ಆಯಿತು. ವಿಶೇಷ ಕರ್ತವ್ಯವೂ ಇಲ್ಲ, ಬಡ್ತಿಯೂ ಇಲ್ಲ. ನಿಮ್ಮಲ್ಲಿಗೆ ಬಂದು ಹೇಳುವ ಅಂತ ಬಾಯಿ ತೆರೆದೆ, ನಿನ್ನ ಅಮ್ಮ ಅಷ್ಟರಲ್ಲಿ "ಅಣ್ಣನಿಗೆ ಬಡ್ತಿ" ಅಂತ ಕಡಲೆಬೇಳೆ ಬೇಯಲಿಕ್ಕೆ ಇಟ್ಟಿದ್ದಳು. ಬೇಳೆ ಬೆಂದ ಮೇಲೆ ಎಂತ ಹೇಳುವುದು? ಇಪ್ಪತ್ತು ವರ್ಷ ಆಯಿತು, ಆ ಹೋಳಿಗೆ ಇನ್ನೂ ಗಂಟಲಿನಲ್ಲಿ ಉಂಟು.

ಮೆಮೊ ಮಾತ್ರ ಹರಿದು ಬಿಸಾಡಲಿಲ್ಲ. ಯಾಕೆ ಅಂತ ನನಗೂ ಗೊತ್ತಿಲ್ಲ. ಫೋಟೋ ಹೊಡೆದು ಇದರ ಜೊತೆ ಹಾಕಿದ್ದೇನೆ. ಓದಲಿಕ್ಕೆ ಕಷ್ಟ ಆದರೆ, ಹೀಗುಂಟು:

"ತಾವು ಸರ್ಕಾರಿ ಐದು ಲೀಟರ್ ಅಳತೆ ಪಾತ್ರೆಯನ್ನು ಅನುಮತಿಯಿಲ್ಲದೆ ಪ್ರತಿ ತಿಂಗಳ ಮೊದಲ ಶನಿವಾರ ನೆರೆರಾಜ್ಯಕ್ಕೆ ಕೊಂಡೊಯ್ದು ಅಲ್ಲಿನ ಪಂಪುಗಳನ್ನು ಪರೀಕ್ಷಿಸಿರುವುದೂ, ನೆರೆರಾಜ್ಯದ ಅಧಿಕಾರಿಯು ತನ್ನ ಪಾತ್ರೆಯಿಂದ ಇಲ್ಲಿನ ಪಂಪುಗಳನ್ನು ಪರೀಕ್ಷಿಸಲು ಅವಕಾಶ ಕೊಟ್ಟಿರುವುದೂ, ಉಭಯರೂ ಒಂದೇ ಪುಸ್ತಕದಲ್ಲಿ ರುಜು ಮಾಡಿರುವುದೂ, ಹೀಗೆ ಹನ್ನೊಂದು ತಿಂಗಳು ನಡೆಸಿರುವುದೂ ಗಮನಕ್ಕೆ ಬಂದಿರುತ್ತದೆ. ತಮ್ಮ ಮೇಲೆ ಏಕೆ ಶಿಸ್ತುಕ್ರಮ ಜರುಗಿಸಬಾರದೆಂದು ಏಳು ದಿನಗಳೊಳಗೆ ಸಮಜಾಯಿಷಿ ಸಲ್ಲಿಸತಕ್ಕದ್ದು."

ಇದನ್ನು ತೋರಿಸಿದರೆ ನಿನ್ನ ಕೆಲಸಕ್ಕೆ ತೊಂದರೆಯೇ ಆಗಬಹುದು. ಆದರೆ ಇಲ್ಲದ್ದನ್ನು ಹೇಳಿದೆ ಅಂತ ನೀನು ನನಗಾಗಿ ತಪ್ಪು ಒಪ್ಪಿಕೊಳ್ಳಬೇಡ. ನಾನು ಸುಳ್ಳು ಹೇಳಿದ್ದು ಬಡ್ತಿಯ ವಿಷಯದಲ್ಲಿ. ಅಳತೆಯ ವಿಷಯದಲ್ಲಿ ಅಲ್ಲ.

ದೂಮಪ್ಪ ಮಾವ


ವೂರ್‌ಬರ್ಗ್
1 ನವೆಂಬರ್ 2025, ಶನಿವಾರ

ಪ್ರೀತಿಯ ಮಾವನಿಗೆ,

ನಿನ್ನೆಯೇ ಬರೆಯಬೇಕಿತ್ತು. ಮನೆಗೆ ಬಂದವಳು ಕೋಟು ಬಿಚ್ಚದೆ ನೆಲದ ಮೇಲೆ ಮಲಗಿಬಿಟ್ಟೆ. ಗಾನವಿ ನನ್ನ ಮೇಲೆ ಹತ್ತಿ ಇಳಿದು ಆಡಿಕೊಂಡಿದ್ದಳಂತೆ. ಈಗ ಎಲ್ಲ ಕ್ರಮವಾಗಿ ಹೇಳುತ್ತೇನೆ.

ಸಭೆಯ ಮೇಜಿನ ಒಂದು ಕಡೆ ಮೇಲ್ಮನೆಯ ವಕೀಲೆ. ಎದುರಿಗೆ ಕೆಳಮನೆಯ ಹಿರಿಯ ಅಧಿಕಾರಿ, ಎಪ್ಪತ್ತರ ಹತ್ತಿರ ವಯಸ್ಸು, ಎಲ್ಲರನ್ನೂ ಮಗಳೇ ಮಗನೇ ಎನ್ನುವವರು. ನಡುವೆ ನಡುಮನೆಯ ಇಂಜಿನಿಯರ್. ಅವರು ಎರಡು ವರ್ಷದಲ್ಲಿ ಬಾಯಿ ಬಿಟ್ಟದ್ದು ಬಿಸ್ಕತ್ತು ಕೇಳಲು ಮಾತ್ರ.

ಮಾರ್ಲೀಸ್‌ಗೆ ಹಿಂದಿನ ದಿನವೇ ಎಲ್ಲ ಹೇಳಿದ್ದೆ. ಅವರು ಅಡಿಟಿಪ್ಪಣಿಯ ಕೆಳಗೆ ಕೆಂಪು ಗೆರೆ ಎಳೆದು, "ನೀನೇ ಬರೆದೆ. ನೀನೇ ಹೇಳು" ಎಂದಿದ್ದರು.

ಎದ್ದು ನಿಂತೆ. "ಸುತ್ತೋಲೆ ಇಲ್ಲ. ಎಂದೂ ಇರಲಿಲ್ಲ. ರೂಢಿಯಲ್ಲಿರುವ ಪದ್ಧತಿ ಎಂದು ಬರೆದದ್ದು ನನ್ನ ತಪ್ಪು. ಇರುವುದು ಒಂದು ಮೆಮೊ" ಎಂದು ಹೇಳಿ ಸಾಲು ಸಾಲಾಗಿ ಇಂಗ್ಲಿಷಿಗೆ ಮಾಡಿ ಓದಿದೆ. "ಸಮಜಾಯಿಷಿ"ಗೆ ಮಾತ್ರ ಎರಡು ಇಂಗ್ಲಿಷ್ ಪದ ಬೇಕಾಯಿತು.

ವಕೀಲೆ ಕನ್ನಡಕದ ಮೇಲಿಂದ ನೋಡಿದರು. "ಅಂದರೆ ಇದು ಅನುಮತಿಯಿಲ್ಲದ ಕೆಲಸ."

"ಹೌದು."

"ಆದರೂ ಹನ್ನೊಂದು ತಿಂಗಳು ನಡೆಯಿತು."

"ಹೌದು."

"ಈ ಅವಧಿಯಲ್ಲಿ ದೂರು?"

"ಒಂದೇ. ಬಂಕಿನ ಮಾಲೀಕರದ್ದು. ಐದು ಲೀಟರಿಗೆ ನಲ್ವತ್ತು ಮಿಲಿ ಕಡಿಮೆ ಬಂದು ಅವರ ಪಂಪಿಗೆ ಸೀಲ್ ಬಿತ್ತು, ಇನ್‌ಸ್ಪೆಕ್ಟರಿಗೆ ವರ್ಗ ಆಯಿತು."

ಕೆಳಮನೆಯ ಹಿರಿಯರು ನಗಲು ಶುರು ಮಾಡಿದರು. ನಮ್ಮ ಊರಿನ ಅಜ್ಜಂದಿರಂತೆ ಹೊಟ್ಟೆ ಕುಲುಕಿಸಿ, ಶಬ್ದವಿಲ್ಲದೆ, ಕಣ್ಣಲ್ಲಿ ನೀರು ಬರುವವರೆಗೆ. ಆಮೇಲೆ ಹೇಳಿದರು: "ಮಗಳೇ, ನನಗೆ ನನ್ನ ದೇಶದಲ್ಲಿ ಇಂಥವು ನಾಲ್ಕು ಬಂದಿವೆ. ಸುತ್ತೋಲೆಯನ್ನು ಯಾರು ಬೇಕಾದರೂ ಹೊರಡಿಸುತ್ತಾರೆ, ಯಾರೂ ಪಾಲಿಸುವುದಿಲ್ಲ. ಮೆಮೊ ಬಂದಿದೆ ಎಂದರೆ ಯಾರೋ ನಿಜವಾಗಿ ಕೆಲಸ ಮಾಡಿದ್ದಾರೆ. ನನಗೆ ಸುತ್ತೋಲೆಗಿಂತ ಇದೇ ದೊಡ್ಡ ಪುರಾವೆ."

ಆಗ ನಡುಮನೆಯ ಇಂಜಿನಿಯರ್ ಬಿಸ್ಕತ್ತು ಕೆಳಗಿಟ್ಟರು. ಎಲ್ಲರೂ ಅವರತ್ತ ತಿರುಗಿದೆವು. "ನಲ್ವತ್ತು ಮಿಲಿ ಎಂದರಲ್ಲ. ಎಷ್ಟು ಡಿಗ್ರಿಯಲ್ಲಿ?"

ಮಾವ, ಫೋನ್ ತೆರೆದು ಮತ್ತೊಮ್ಮೆ ನೋಡಿದೆ. ಮೆಮೊದಲ್ಲಿ ಇಲ್ಲ. ಆದರೆ ಫೋಟೋ ದೊಡ್ಡದು ಮಾಡಿ ನೋಡಿದರೆ ಅಂಚಿನಲ್ಲಿ ನಿಮ್ಮ ಪೆನ್ಸಿಲ್ ಅಕ್ಷರ: "ಬೆಳಿಗ್ಗೆ 7.30, 27 ಡಿಗ್ರಿ, ಮೂರು ಸಲ." ಶಿಸ್ತುಕ್ರಮದ ಕಾಗದದ ಮೇಲೂ ತಾಪಮಾನ ಬರೆದಿಡುವವರು ನಮ್ಮ ದೂಮಪ್ಪ ಮಾವ ಒಬ್ಬರೇ. ಓದಿ ಹೇಳಿದೆ. ಅವರು ತಲೆಯಾಡಿಸಿ, ಜೇಬಿನಿಂದ ಪೆನ್ನು ತೆಗೆದು, ಎಲ್ಲರಿಗಿಂತ ಮೊದಲು ಸಹಿ ಹಾಕಿದರು. ಆಮೇಲೆ ಕೆಳಮನೆಯವರು.

ವಕೀಲೆ ಮಾತ್ರ ಪೆನ್ನು ಮುಟ್ಟಲಿಲ್ಲ. "ಒಂದು ಕಲಂ ಕಡಿಮೆ ಇದೆ" ಎಂದರು. "ಈ ಕೆಲಸ ಮಾಡಿದ ಮನುಷ್ಯನಿಗೆ ಹೀಗಾಯಿತು ಎಂದು ಗೊತ್ತಾದ ಮೇಲೆ ನನ್ನ ದೇಶದ ಯಾವ ಇನ್‌ಸ್ಪೆಕ್ಟರ್ ಗಡಿ ದಾಟುತ್ತಾನೆ?" ಅಲ್ಲಿಯೇ ಕೂತು ಬರೆದೆವು. ನಾನು ನಾಲ್ಕು ಸಲ ಬರೆದೆ, ಅವರು ನಾಲ್ಕು ಸಲ ಹೊಡೆದುಹಾಕಿದರು. ಐದನೆಯದು ನಿಂತಿತು:

"ಕಲಂ 14. ಈ ಅಧ್ಯಾಯದ ಪ್ರಕಾರ ತನ್ನ ಅಳತೆಯ ಉಪಕರಣದೊಂದಿಗೆ ಗಡಿ ದಾಟಿ, ಪ್ರಾಮಾಣಿಕವಾಗಿ ಅಳೆದು, ಕಂಡದ್ದನ್ನು ಕಂಡಂತೆ ಬರೆದ ಯಾವ ಅಧಿಕಾರಿಯನ್ನೂ ಆ ಕಾರಣಕ್ಕಾಗಿ ದಂಡಿಸತಕ್ಕದ್ದಲ್ಲ, ವರ್ಗಾಯಿಸತಕ್ಕದ್ದಲ್ಲ, ಅವರ ವೇತನ ಬಡ್ತಿಯನ್ನು ತಡೆಯತಕ್ಕದ್ದಲ್ಲ."

ಅವರೂ ಸಹಿ ಹಾಕಿದರು.

ನನ್ನ ಕಾಂಟ್ರಾಕ್ಟ್ ಖಾಯಂ ಆಯಿತು. ಮಾರ್ಲೀಸ್ ಕೈ ಕುಲುಕಿ, "ಅಭಿನಂದನೆ. ಆರು ತಿಂಗಳು ನಿನ್ನ ಅಡಿಟಿಪ್ಪಣಿಗಳನ್ನೆಲ್ಲ ಬೇರೆಯವರು ಪರೀಕ್ಷಿಸುತ್ತಾರೆ" ಎಂದರು. ನ್ಯಾಯವೇ. ನಿಮ್ಮ ಪದ್ಧತಿಯೇ ಅಲ್ಲವೇ ಅದು?

ದೇಶಗಳ ಹೆಸರು ಅಳಿಸಿ ಇಡೀ ಅಧ್ಯಾಯವನ್ನು ಇದರ ಜೊತೆ ಹಾಕಿದ್ದೇನೆ, ಓದಿ ನೋಡಿ. ಅಮ್ಮನಿಗೆ ಕೆಲಸದ ಸಂಗತಿ ಹೇಳಿದ್ದೇನೆ. ಮೆಮೊದ ಸಂಗತಿ ಹೇಳಿಲ್ಲ. ಅದು ನೀವು ಹೇಳಬೇಕಾದದ್ದು.

ಪೂಜಿತಾ


ಮಂಗಳೂರು
4-11-2025

ಪೂಜಿ,

ನಿನ್ನ ಕಾಗದ ಓದಿ ಧೈರ್ಯ ಮಾಡಿ ರಾಜಮ್ಮನಿಗೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸ್ತಾ ಇದ್ದಳು. ತಲೆ ಎತ್ತದೆ ಹೇಳಿದಳು: "ಬಡ್ತಿ ಆದವರಿಗೆ ಸಂಬಳ ಜಾಸ್ತಿ ಆಗ್ತದೆ. ಅಷ್ಟು ಗೊತ್ತಾಗದೆ ಇರಲಿಕ್ಕೆ ನಾನು ಎಂತ ಕುಂಬಳಕಾಯಿಯಾ?" ಮೊದಲ ತಿಂಗಳೇ ಗೊತ್ತಾಗಿತ್ತಂತೆ. ನೀವೇ ಹೇಳ್ತೀರಿ ಅಂತ ಕಾದದ್ದಂತೆ. ಇಪ್ಪತ್ತು ವರ್ಷ! ನಾನು ಒಂದು ಮಾತಿಗೆ ಎಷ್ಟು ಹೆದರಿದೆ, ಅವಳು ಎಷ್ಟು ಕಾದಳು. ಇದನ್ನು ಅಳೆಯುವ ಪಾತ್ರೆ ನಮ್ಮ ಇಲಾಖೆಯಲ್ಲಿ ಇರಲಿಲ್ಲ.

ನಿನ್ನ ಅಮ್ಮನಿಗೂ ಹೇಳಿದೆ. ಅವಳು ಹೋಳಿಗೆ ವಾಪಸ್ ಕೊಡು ಅಂತಾಳೆ.

ಕಾನೂನಿನಲ್ಲಿ ಒಂದು ತಪ್ಪುಂಟು. ಪಾತ್ರೆ ಖಾಲಿ ಮಾಡಿದ ಮೇಲೆ ಕೊನೆಯ ಹನಿ ಇಳಿಯಲಿಕ್ಕೆ ಅರ್ಧ ನಿಮಿಷ ಬೋರಲು ಹಿಡಿಯಬೇಕು ಅಂತ ಎಲ್ಲಿಯೂ ಬರೆದಿಲ್ಲ. ಸೇರಿಸು.

ಮತ್ತೆ, ಕಲಂ ಹದಿನಾಲ್ಕು. ಆರು ಸಲ ಓದಿದೆ. ಚಂದ ಬರೆದಿದ್ದೀರಿ. ನೀನು ಕಾನೂನು ಓದಿದವಳು ಅಂತ ಕೇಳ್ತೇನೆ, ತಪ್ಪು ತಿಳಿಯಬೇಡ. ಅದು ಪೂರ್ವಾನ್ವಯ ಆಗ್ತದಾ? ಅಂದರೆ, ಹಿಂದೆ ಆದದ್ದಕ್ಕೂ ಅನ್ವಯ ಆಗ್ತದಾ?

ದೂಮಪ್ಪ ಮಾವ


ವೂರ್‌ಬರ್ಗ್
7 ನವೆಂಬರ್ 2025

ಪ್ರೀತಿಯ ಮಾವನಿಗೆ,

ಇಲ್ಲ, ಆಗುವುದಿಲ್ಲ. ಕಾನೂನು ಹಿಂದಕ್ಕೆ ನಡೆಯುವುದಿಲ್ಲ, ಅದೂ ಬೇರೆ ದೇಶದ್ದು.

ಆದರೂ ನಿಮ್ಮ ಪ್ರಶ್ನೆಯನ್ನು ಮೂರೂ ಮನೆಗಳಿಗೆ ಹಾಗೆಯೇ ಕಳಿಸಿದ್ದೆ. ಉತ್ತರ ಇಂದು ಬೆಳಿಗ್ಗೆ ಬಂತು, ಒಂದೇ ಕಾಗದ, ಕೆಳಗೆ ಮೂವರ ರುಜು. ವಕೀಲೆಯದ್ದು ಎಲ್ಲರಿಗಿಂತ ಮೇಲೆ. "ಈ ಒಬ್ಬರಿಗೆ ಮಾತ್ರ ಪೂರ್ವಾನ್ವಯ ಆಗುತ್ತದೆ ಎಂದು ಅವರಿಗೆ ತಿಳಿಸತಕ್ಕದ್ದು. ಇದಕ್ಕೆ ಚರ್ಚೆ ಬೇಕಾಗಲಿಲ್ಲ."

ಪೂಜಿತಾ